ಕೂತು ನುಡಿಸಿದ ಕಂಟ್ರಿ ರಾಕ್

ಆಗ ಲೀಕ್ಸ್‌ಲಿಪ್ ಎಂಬ ಐರಿಶ್ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಹುಡುಗರು ಕಟ್ಟಿಕೊಂಡ ಬ್ಯಾಂಡುಗಳನ್ನು ಎಣಿಸಲು ಮಾತ್ರ ಎರಡು ಕೈಯೂ ಸಾಲುತ್ತಿರಲಿಲ್ಲ. ಬೇಸಿಗೆ ರಜೆ ಬಂತೆಂದರೆ ಯಾವ ಬೀದಿಗೆ ಹೋದರೂ ಒಂದಲ್ಲ ಒಂದು ಗ್ಯಾರೇಜಿನಿಂದ ಡ್ರಮ್ಮಿನ ಸದ್ದು. ನೀವೂ ಆ ವಯಸ್ಸಿನಲ್ಲಿ ಬ್ಯಾಂಡ್ ಕಟ್ಟಿದ್ದರೆ ಗೊತ್ತಿರುತ್ತದೆ, ಹಾಡು ಕಲಿಯುವುದಕ್ಕಿಂತ ಬ್ಯಾಂಡಿಗೆ ಹೆಸರಿಡಲು ಹೆಚ್ಚು ದಿನ ಬೇಕಾಗುತ್ತದೆ.

ನಮ್ಮದು ಕಂಟ್ರಿ ರಾಕ್. ಹಳ್ಳಿಗಾಡಿನ ಹಾಡಿಗೆ ಎಲೆಕ್ಟ್ರಿಕ್ ಗಿಟಾರಿನ ಒಗ್ಗರಣೆ ಹಾಕಿದರೆ ಏನಾಗುತ್ತದೋ ಅದು. ಗಿಟಾರಿಗೆ ಕೀರನ್, ಡ್ರಮ್ಮಿಗೆ ಅವನ ಅಣ್ಣ, ಹಾಡಲು ನನ್ನದೇ ತರಗತಿಯ ಈಫಾ. ಪಿಟೀಲಿಗೆ ಹದಿನೈದು ವರ್ಷದ ನಾನು. ಸಂಕೋಚವಿಲ್ಲದೆ ಹೇಳುತ್ತೇನೆ, ಆ ಬ್ಯಾಂಡಿಗೆ ಉಪ್ಪು ಖಾರ ಬಂದದ್ದೇ ನನ್ನಿಂದ.

ಅಪ್ಪ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದವರು. ಅಮ್ಮ ಮೈಸೂರಿನವಳು, ನನಗೆ ಗುರುವೂ ಅವಳೇ. ಹಾಲ್‌ನಲ್ಲಿ ಸೋಫಾ ಇದ್ದರೂ ನೆಲಕ್ಕೆ ಜಮಖಾನ ಹಾಸಿ, ಚಕ್ಕಳಮಕ್ಕಳ ಕೂರಿಸಿ, ಪಿಟೀಲಿನ ತಲೆಯನ್ನು ಬಲಗಾಲಿನ ಪಾದದ ಮೇಲಿಟ್ಟು, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಂಡು ಪಾಠ. ಪಾಠ ಮುಗಿಸಿದರೆ ಬಿಸಿ ಕೋಡುಬಳೆ. ಶಿಫ್ಟ್ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ಶೂ ಬಿಚ್ಚುತ್ತಾ, "ಅಲ್ಲಿ ಮ್ಯಾನೇಜರ್ ಪಿಟೀಲು ಕುಯ್ತಾನೆ, ಇಲ್ಲಿ ನೀವಿಬ್ರು ಕುಯ್ತೀರಾ," ಎನ್ನುತ್ತಿದ್ದರು.

ಶಾಲೆಯ ಸಮಾರಂಭದಲ್ಲಿ ನಾನು ಹೀಗೆ ಕೂತು ಒಂದು ರಾಗ ನುಡಿಸಿದ್ದನ್ನು ಕೇಳಿಯೇ ಕೀರನ್ ನನ್ನನ್ನು ಕರೆದದ್ದು. ಕಂಟ್ರಿ ಹಾಡಿಗೆ ಸ್ಟೀಲ್ ಗಿಟಾರ್ ಎಂಬ ವಾದ್ಯ ಬೇಕು. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿದರೆ ಸ್ವರಕ್ಕೆ ಸ್ವರ ಅಂಟಿಕೊಂಡು, ಯಾರೋ ಬಿಕ್ಕಿದ ಹಾಗೆ ಕೇಳುತ್ತದೆ. ಅದು ಅವರ ಹತ್ತಿರ ಇರಲಿಲ್ಲ. ನನ್ನ ಗಮಕ ಅದೇ ಜಾರು, ಅದೇ ಬಿಕ್ಕು. "ಅದನ್ನೇ ನಮ್ಮ ಹಾಡಲ್ಲಿ ಮಾಡು, ಇನ್ನೇನೂ ಬೇಡ," ಎಂದ ಕೀರನ್. ಅವರೆಲ್ಲ ಆಡಿದ್ದು ಇಂಗ್ಲಿಷೇ, ಆದರೆ ನೆನಪಿನಲ್ಲಿ ನನಗದು ಕನ್ನಡದಲ್ಲೇ ಕೇಳಿಸುತ್ತದೆ.

ಪ್ರಾಕ್ಟೀಸು ಊರಾಚೆ, ಕೀರನ್‌ನ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನಲ್ಲಿ. ಡೀಸೆಲ್ಲು, ದನಗಳ ಮೇವಿಗೆಂದು ಹುಳಿ ಬರಲು ಹಾಕಿದ ಹುಲ್ಲು, ಒದ್ದೆ ನಾಯಿ, ಎಲ್ಲದರ ವಾಸನೆ ಕಲೆತು ಬಟ್ಟೆಗೆ ಹತ್ತುತ್ತಿತ್ತು. ಅವನಮ್ಮ ಬ್ರೀಡಾ ಬೆಣ್ಣೆ ಸವರಿದ ಬ್ರೆಡ್ಡು, ಕಡು ಚಹಾ ತರುತ್ತಿದ್ದರು. ನನ್ನ ಡಬ್ಬಿಯ ಕೋಡುಬಳೆ ಮೊದಲ ಹಾಡು ಮುಗಿಯುವುದರೊಳಗೆ ಖಾಲಿ. ನಡುವೆ ಬಿಡುವು ಸಿಕ್ಕರೆ ಹುಲ್ಲಿನ ಪೆಂಡಿಗಳ ಮೇಲೆ ಹತ್ತಿ ಹಾರುವ ಆಟ.

ಡ್ರಮ್ಮಿನವನೊಬ್ಬನನ್ನು ಬಿಟ್ಟು ಅಲ್ಲಿ ಎಲ್ಲರೂ ನಿಂತು ನುಡಿಸುತ್ತಿದ್ದರಲ್ಲ, ನಾನೂ ನಿಂತೆ. ಎಡವಟ್ಟಾದದ್ದು ಅಲ್ಲೇ. ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡು ನಿಂತರೆ ಎಡಗೈ ಅದನ್ನು ಬೀಳದ ಹಾಗೆ ಹಿಡಿಯಬೇಕು. ಹಿಡಿದ ಕೈ ಜಾರುವುದು ಹೇಗೆ? ಗಮಕ ಸತ್ತೇಹೋಯಿತು. ಎರಡು ವಾರ ಒದ್ದಾಡಿದೆ. ಆಗಸ್ಟಿನಲ್ಲಿ ಊರಿನ ಆಟದ ಕ್ಲಬ್ಬಿನ ಫ್ಯಾಮಿಲಿ ಡೇಯಲ್ಲಿ ನಮ್ಮ ಮೊದಲ ಕಾರ್ಯಕ್ರಮವಿತ್ತು. ಈಫಾ ನೇರ ಹುಡುಗಿ. "ನನ್ನ ಕಸಿನ್ ಫಿಡ್ಲ್ ಬಾರಿಸ್ತಾನೆ, ನಿಂತೇ ಬಾರಿಸ್ತಾನೆ. ಶನಿವಾರದೊಳಗೆ ನಿನ್ನ ಕೈ ಕೂರದಿದ್ರೆ ಅವನನ್ನ ಕರೀತೀನಿ. ಬೇಜಾರ್ ಮಾಡ್ಕೋಬೇಡ," ಎಂದಳು. ಬೇಜಾರಾಗದೆ ಇರುತ್ತದೆಯೇ? ಆ ಊರಿನಲ್ಲಿ ನಾನಾಗಿಯೇ ಸಂಪಾದಿಸಿದ ಜಾಗ ಅದೊಂದೇ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮತ್ತೆ ಪ್ರಯತ್ನಿಸಿದೆ. ಪಿಟೀಲು ಸರಿಯಿಲ್ಲ, ಭುಜದ ಮೇಲಿಡುವ ದಿಂಬು ಸರಿಯಿಲ್ಲ ಎಂದು ಗೊಣಗಿದೆ. ಅಡುಗೆಮನೆಯಿಂದ ಅಮ್ಮ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದಳು. ನನಗೆ ಅಳು ಬಂತು. ಎಲ್ಲ ಹೇಳಿಕೊಂಡೆ. ಅಮ್ಮ ಒಲೆ ಆರಿಸಿ ಬಂದು ಎದುರಿಗೆ ಕೂತಳು.

"ಆ ಹುಡ್ಗ ನಿನ್ನ ಕರ್ದಾಗ ನೀನು ನಿಂತಿದ್ಯಾ, ಕೂತಿದ್ಯಾ?"

"ಕೂತಿದ್ದೆ."

"ಮತ್ತೆ? ಅವ್ರಿಗೆ ಬೇಕಾಗಿರೋದು ನಿನ್ನ ಕಾಲಾ, ಪಿಟೀಲಾ? ಹೋಗಿ ಕೂತ್ಕೋ. ಬೇಡ ಅಂದ್ರೆ ಕೋಡುಬಳೆ ಡಬ್ಬಿ ವಾಪಸ್ ಇಸ್ಕೊಂಡ್ ಬಾ."

ಶನಿವಾರ ಶೆಡ್ಡಿಗೆ ಹೋದವಳೇ ಶೂ ಬಿಚ್ಚಿದೆ. ದನದ ಮೇವಿನ ಖಾಲಿ ಚೀಲವೊಂದನ್ನು ಸಿಮೆಂಟು ನೆಲಕ್ಕೆ ಹಾಸಿ ಕೂತೆ. ಈಫಾ ಏನೋ ಹೇಳಲು ಬಾಯಿ ತೆರೆದಳು. "ಮೊದ್ಲು ಹಾಡು, ಆಮೇಲೆ ಮಾತು," ಎಂದೆ. ಎರಡನೆಯ ಸಾಲಿನ ಕೊನೆಯಲ್ಲಿ ಅವಳ ದನಿ ನಿಲ್ಲುವ ಕಡೆ ನಾನು ಹಿಡಿದುಕೊಂಡೆ, ಷಡ್ಜದಿಂದ ಪಂಚಮಕ್ಕೆ ಅವಸರವಿಲ್ಲದೆ ಜಾರಿದೆ. ಕೀರನ್ ಗಿಟಾರಿನಲ್ಲಿ ಉತ್ತರ ಕೊಟ್ಟ. ಈಫಾ ಮುಂದಿನ ಸಾಲು ಹಾಡುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ಹಾಡು ಅರ್ಧಕ್ಕೆ ನಿಂತಿತು.

"ಗ್ರ್ಯಾಂಡ್," ಎಂದಳು ಕೊನೆಗೆ. "ಕೂತ್ಕೋ. ಆದ್ರೆ ಜನಕ್ಕೆ ಕಾಣೋ ಹಾಗೆ ಕೂತ್ಕೋ."

ಫ್ಯಾಮಿಲಿ ಡೇಯ ಭಾನುವಾರ ನಮ್ಮ ವೇದಿಕೆ ಕೀರನ್‌ನ ಅಪ್ಪನ ಟ್ರೇಲರ್. ಅದರ ಮೇಲೆ ಹುಲ್ಲಿನ ಪೆಂಡಿಗಳನ್ನು ಜೋಡಿಸಿ ನನಗೊಂದು ಜಗಲಿ ಮಾಡಿದರು. ಅಮ್ಮ ಮನೆಯ ಜಮಖಾನ ತಂದು ತಾನೇ ಹಾಸಿದಳು, ಡ್ರಮ್ಮಿನ ಹುಡುಗ ಅದರ ಮೇಲೆ ಬೂಟುಗಾಲಿಡಲು ಹೋದರೆ ಕನ್ನಡದಲ್ಲೇ ಗದರಿದಳು. ಅವನು ಹಾರಿ ಪಕ್ಕಕ್ಕೆ ನಿಂತ. ಹುಲ್ಲು ಕಾಲಿಗೆ ಚುಚ್ಚುತ್ತಿತ್ತು, ಬರ್ಗರ್ ಹೊಗೆ ಮೂಗಿಗೆ ಬಡಿಯುತ್ತಿತ್ತು, ನನಗೆ ಎಳ್ಳಷ್ಟೂ ಹೆದರಿಕೆಯಿರಲಿಲ್ಲ. ಹಾಡು ಮುಗಿದ ಮೇಲೆ ಟೋಪಿ ಹಾಕಿದ ತಾತನೊಬ್ಬರು ಟ್ರೇಲರಿನ ಸುತ್ತ ಒಂದು ಸುತ್ತು ಬಂದು, "ಆ ಸ್ಟೀಲ್ ಗಿಟಾರನ್ನ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಕೇಳಿದರು. ಈಫಾ ನನ್ನತ್ತ ಕೈ ತೋರಿಸಿ, "ಅಗೋ, ಅಲ್ಲಿ ಕೂತಿದೆ," ಎಂದಳು. ಅಷ್ಟು ಸಂತೋಷ ನನಗೆ ಪದವಿ ಬಂದ ದಿನವೂ ಆಗಲಿಲ್ಲ.

ಎರಡು ಬೇಸಿಗೆ ನುಡಿಸಿದೆವು. ಆಮೇಲೆ ಈಫಾ ನರ್ಸಿಂಗ್ ಓದಿ ಟೊರಾಂಟೊಗೆ ಹೋದಳು. ಇಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ ಎಂದು ಕೀರನ್ ಪರ್ತ್ ಸೇರಿದ, ಅಣ್ಣನೂ ಹಿಂದೆಯೇ ಹೋದ. ಶೆಡ್ಡಿದ್ದ ಜಾಗದಲ್ಲಿ ಈಗ ಮನೆಗಳ ಸಾಲು. ನಾನು ಹತ್ತಿರದಲ್ಲೇ ಇರುವ ಟಾಲಾದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಭಾನುವಾರ ಲೀಕ್ಸ್‌ಲಿಪ್‌ಗೆ ಹೋಗಿ ಅಮ್ಮನ ಜೊತೆ ನುಡಿಸುತ್ತೇನೆ. ಕೈ ಆಗಿನದಕ್ಕಿಂತ ಚೆನ್ನಾಗಿಯೇ ಓಡುತ್ತದೆ. ಆದರೆ ಜಾರಿ ನಿಂತ ಮೇಲೆ, ಗಿಟಾರಿನ ಉತ್ತರ ಬರುತ್ತಿದ್ದ ಆ ಜಾಗದಲ್ಲಿ ಈಗಲೂ ಒಂದು ಗಳಿಗೆ ಕಾಯುತ್ತೇನೆ.

ಹೋದ ಕ್ರಿಸ್‌ಮಸ್‌ಗೆ ಕೀರನ್ ಬಂದಿದ್ದ. ಅವನಮ್ಮ ಬ್ರೀಡಾ ಈಗ ಕಾರು ಓಡಿಸುವುದಿಲ್ಲ, ಏರ್‌ಪೋರ್ಟಿನಿಂದ ಕರೆತಂದವಳು ನಾನೇ. ದಾರಿಯುದ್ದಕ್ಕೂ ಊರಿನಲ್ಲಿ ಯಾರು ಸತ್ತರು, ಯಾರ ಮದುವೆಯಾಯಿತು, ಯಾವ ಅಂಗಡಿ ಮುಚ್ಚಿತು ಎಂದು ಕೇಳುತ್ತಾ ಬಂದ. ಎಲ್ಲ ಹೇಳಿದೆ. ವಾಪಸ್ ಹೋಗುವ ದಿನ ಏರ್‌ಪೋರ್ಟಿನ ಒಳಗೆ ಹೋಗುವ ಮುಂಚೆ ನನ್ನನ್ನು ತಬ್ಬಿಕೊಂಡು, "ನಮ್ಮಮ್ಮನ್ನ ಆಗಾಗ ನೋಡ್ಕೊಂಡ್ ಬಾ. ಊರಲ್ಲಿ ನೀನೊಬ್ಳು ಇದ್ದೀಯಲ್ಲ, ನನಗೆ ಧೈರ್ಯ," ಎಂದ.

ಆಯ್ತು ಎಂದೆ. ಕಾರಿಗೆ ಬಂದು ಕೂತು ಅತ್ತೆ. ಆ ಊರಿನಲ್ಲಿ ನನಗೆ ಬೇಕಿದ್ದ ಜಾಗ ಪೂರ್ತಿ ಸಿಕ್ಕಿತ್ತು. ಯಾರ ಪಕ್ಕದಲ್ಲಿ ಕೂರಲು ಅದನ್ನು ಕೇಳಿದ್ದೆನೋ ಅವರೆಲ್ಲ ಎದ್ದು ಹೋಗಿದ್ದರು.