ಸೋಮವಾರದ ಸಮೀಕ್ಷೆ

ಕಾರವಾರದ ಜನ ಮೀನು ತಿನ್ನುವುದಿಲ್ಲ!

ನಗಬೇಡಿ. ಕಳೆದ ತಿಂಗಳು ನಾನೇ ಖುದ್ದಾಗಿ ಸಮೀಕ್ಷೆ ಮಾಡಿ, ಚಾರ್ಟ್ ಬರೆದು, ಬಣ್ಣ ಹಚ್ಚಿ ಕಂಡುಹಿಡಿದ ಸತ್ಯ ಇದು.

ಆಗಿದ್ದಿಷ್ಟು. ಅಂಕೋಲಾದ ಮನೆಯಲ್ಲಿ ಕೂತು ಕೂತು ಬೇಸರ ಬಂದು ನಾನು ಕಾರವಾರದಲ್ಲಿ ಒಂದು ತರಬೇತಿಗೆ ಸೇರಿದೆ. ಊರಿನವರು ಏನು ತಿನ್ನುತ್ತಾರೆ, ಅವರಿಗೆ ಏನು ಬೇಕು ಅಂತ ತಿಳಿದುಕೊಂಡು, ಅದರಿಂದ ಪೌಷ್ಟಿಕ ಆಹಾರದ ನೀತಿ ರೂಪಿಸುವುದು ಹೇಗೆ ಎಂಬ ಪಾಠ. ("ಮೊದಲು ನಮ್ಮನೆ ತಿಂಡಿಗೊಂದು ಪಾಲಿಸಿ ಮಾಡು" ಅಂದರು ಯಜಮಾನರು. ಅವರ ಮಾತು ಬಿಡಿ.)

ನಮ್ಮ ತಂಡಕ್ಕೆ ಸಿಕ್ಕಿದ್ದು ಚಿತ್ತಾಕುಲದ ಒಂದು ಮೀನುಗಾರರ ಕೇರಿ. ನಾವು ಬರೆಯುವ ಶಿಫಾರಸು ಒಂದೇ ಒಂದು. ಆದರೆ ಅದು ನಿಜವಾಗಿಯೂ ಪಂಚಾಯ್ತಿಗೆ ಹೋಗುತ್ತದೆ. ಕೇರಿಯ ಹೆಂಗಸರೋ, ಬೆಳಕು ಹರಿಯುವ ಮೊದಲೇ ಬೈತಖೋಲ ಬಂದರಿನ ಹರಾಜಿನಲ್ಲಿ ಮೀನು ಕೊಂಡು, ಕಾರವಾರ ಪೇಟೆಯಲ್ಲಿ ಮಾರಲು ಕೂತುಬಿಡುತ್ತಾರೆ. ಮನೆಯಲ್ಲಿ ಸಿಗುವುದು ಯಾವಾಗ?

"ಸೋಮವಾರ ಹೋಗೋಣ. ಅವತ್ತು ವ್ಯಾಪಾರ ಇರೋದಿಲ್ಲ" ಅಂದೆ ನಾನು. ಲೋಕಲ್ ಹೆಂಗಸೊಬ್ಬಳು ತಂಡದಲ್ಲಿದ್ದರೆ ಎಷ್ಟು ಅನುಕೂಲ ನೋಡಿ ಅಂತ ಒಳಗೊಳಗೇ ಬೀಗಿದೆ.

ಹೋದೆವು. "ಇವತ್ತು ಎಂತಾ ಅಡುಗೆ?" ಮನೆ ಮನೆಯಲ್ಲೂ ಒಂದೇ ಉತ್ತರ: ದಾಳಿ ಸಾರು, ಬಟಾಟೆ ಭಾಜಿ. ಬೇಳೆ, ಆಲೂಗಡ್ಡೆ, ಅಷ್ಟೇ. ರೇಷ್ಮಾ ಎಂಬ ಬಸುರಿ, ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಧ್ಯಾಹ್ನದ ಬಿಸಿ ಊಟ ಮುಗಿಸಿ ಆಗಷ್ಟೇ ಕೈ ತೊಳೆಯುತ್ತಿದ್ದಳು. ಭೇಷ್! ಬಸುರಿಯರಿಗೆ ಊಟ ಸಿಗುತ್ತಿದೆ, ಮೀನು ಮಾತ್ರ ಯಾರಿಗೂ ಇಲ್ಲ. ಶಿಫಾರಸು ರೆಡಿ: ಮೀನು ತಿನ್ನುವಂತೆ ಜಾಗೃತಿ ಮೂಡಿಸಬೇಕು.

ಅದೇ ವಾರ ಒಂದು ಸಂಜೆ ಅಂಗನವಾಡಿ ಅಂಗಳದಲ್ಲಿ ಹೆಂಗಸರನ್ನೆಲ್ಲ ಕೂರಿಸಿ ನಾನು ಶಿಫಾರಸನ್ನು ಗಂಭೀರವಾಗಿ ಓದಿದೆ. ಆಮೇಲೆ ಎದ್ದ ನಗು ಇದೆಯಲ್ಲ, ಅದು ಸದಾಶಿವಗಡ ಗುಡ್ಡದ ತುದಿಗೂ ಕೇಳಿಸಿರಬೇಕು!

"ಅಗೋ ಬಾಯೀ, ಸೋಮಾರ ಮೀನು ಯಾರು ತಿಂತಾರೆ? ನಿಮ್ಮನೇಲಿ ಮಾಡಿದ್ರಾ?" ಅಂದಳು ರೇಷ್ಮಾಳ ಅತ್ತೆ, ಕೇರಿಗೆಲ್ಲ ಚಿಕ್ಕಮ್ಮನಂತಿರುವ ಶೇವಂತಿ ಮಾವಶಿ.

ನಮ್ಮನೆಯಲ್ಲೇ? ಸೋಮವಾರ ಶಿವನ ವಾರ, ನಾವೂ ಮೀನು ಮುಟ್ಟುವವರಲ್ಲ! ಜನ ತಿನ್ನುವುದಿಲ್ಲ ಅಂತಲೇ ತಾನೇ ಅವತ್ತು ವ್ಯಾಪಾರ ಇಲ್ಲದ್ದು, ಇವರು ಮನೆಯಲ್ಲಿ ಸಿಕ್ಕಿದ್ದು? ಇಷ್ಟೂ ನನ್ನ ತಲೆಗೆ ಹೊಳೆಯಲಿಲ್ಲವಲ್ಲ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ರೇಷ್ಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದಳು: "ಅಂಗನವಾಡಿ ಊಟಾನೂ ನಂಗೆ ಸೋಮಾರ ಮಾತ್ರನೇ, ಅಕ್ಕ. ಬಾಕಿ ದಿನ ಮಧ್ಯಾಹ್ನ ಪೇಟೆಲಿರ್ತೆ. ಒಂದು ಚಾ, ಒಂದು ಬನ್ನು. ಮತ್ತೆಂತಾ?"

ನಗು ನಿಂತಿತು. ಊಟ ಉಂಟು, ಉಣ್ಣಬೇಕಾದವಳು ಆ ಹೊತ್ತಿಗೆ ಅಲ್ಲಿಲ್ಲ. ನಾವು ಪಂಚಾಯ್ತಿಗೆ "ಮೀನು ತಿನ್ನಿಸಿ" ಅಂತ ಬರೆದು ಕೈ ತೊಳೆದುಕೊಂಡಿದ್ದರೆ ಇವಳ ಗತಿ?

ಚಾರ್ಟ್ ಹರಿದೆವು. ವಾರದ ಬೇರೆ ದಿನಗಳಲ್ಲಿ ಪೇಟೆಗೇ ಹೋಗಿ, ಮೀನಿನ ಬುಟ್ಟಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕೇಳಿದೆವು. ಹೊಸ ಶಿಫಾರಸು ಬರೆದೆವು: ಪೇಟೆಗೆ ಹೋಗುವ ಬಸುರಿಯರ ಊಟ ಡಬ್ಬಿಯಲ್ಲಿ ಅವರಿದ್ದಲ್ಲಿಗೇ ಹೋಗಲಿ. ಪಂಚಾಯ್ತಿಯವರು ತಲೆ ಕೆರೆದುಕೊಂಡರು, ಶೇವಂತಿ ಮಾವಶಿ ಗದರಿದಳು, ಅವರು ಒಪ್ಪಿದರು. (ನೀತಿ ರೂಪಿಸುವುದರಲ್ಲಿ ಗದರಿಕೆಯ ಪಾತ್ರ ಏನು ಅಂತ ನಮ್ಮ ಪಾಠದಲ್ಲಿ ಇರಲೇ ಇಲ್ಲ.) ಈಗ ಅಂಗನವಾಡಿಯಿಂದ ಡಬ್ಬಿ ಟೆಂಪೋ ಹತ್ತುತ್ತದೆ.

ಮೊನ್ನೆ ಪೇಟೆಗೆ ಹೋದಾಗ ರೇಷ್ಮಾ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ನನಗೆ ಖುಷಿಯೋ ಖುಷಿ. ಎರಡು ತುತ್ತು ಉಂಡವಳೇ ಮುಖ ಸಿಂಡರಿಸಿದಳು.

"ಅಕ್ಕ, ಉಪ್ಪು ಕಮ್ಮಿ ಆಯ್ತು. ಅದನ್ನೂ ಬರೀರಿ ನಿಮ್ಮ ಪಾಲಿಸಿಲಿ!"

ಊಟವೇ ಸಿಗದಿದ್ದವಳು ಉಪ್ಪಿಗೆ ಜಗಳ ತೆಗೆದಳಲ್ಲ, ಇದಕ್ಕಿಂತ ಒಳ್ಳೆಯ ಪ್ರಗತಿ ವರದಿ ಇನ್ನೆಂತಾ ಬೇಕು?