ಹನ್ನೊಂದನೆಯ ಪುಟದ ಪದ

ಸೋಮವಾರದೊಳಗೆ ನಾನು ಒಂದು ಪದ ಹೇಳಬೇಕಿತ್ತು. ಪುಸ್ತಕ ನನ್ನದಲ್ಲ, ನನ್ನ ಗೆಳತಿ ಮರಿಲಿಂಗಮ್ಮನದು. ಕ್ವಾಂಟಮ್ ವಿಜ್ಞಾನವನ್ನು ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಹೇಳುವ ನಲವತ್ತು ಪುಟದ ಪುಸ್ತಕ. ಆಕೆ ಡಿಸೆಂಬರ್ ಕೊನೆಯ ವಾರ ತೀರಿಕೊಂಡಳು. ಅಚ್ಚಿನ ಕರಡು ಫೆಬ್ರುವರಿಯಲ್ಲಿ ನನ್ನ ಕೈಗೆ ಬಂತು. ಶಹಾಪುರದಲ್ಲಿ ಶಿಕ್ಷಕರ ಬಳಗದ ಪುಸ್ತಕಗಳನ್ನು ಅಚ್ಚು ಹಾಕಿಸುವ ಸಂಗಮನಾಥ ಸರ್ ಫೋನ್ ಮಾಡಿದರು.

"ಫರ್ಹತ ಟೀಚರ್, ನೀವು ಕೊಟ್ಟ ಹಸ್ತಪ್ರತಿಯೊಳಗ ಹನ್ನೊಂದನೇ ಪುಟದಾಗ ಒಂದು ಪದಕ್ಕ ಪೆನ್ಸಿಲ್‌ಲೆ ಸುತ್ತು ಹಾಕ್ಯಾರ. ಅದೇ ಪದ ಮುಂದ ಹದಿನಾರು ಕಡಿ ಅದ. ಯಾವುದು ಇಡೂಣ್ರಿ?"

ಸೋಮವಾರ ಹೇಳುತ್ತೇನೆ ಎಂದೆ.

ಮರಿಲಿಂಗಮ್ಮ ಸಗರದವಳು. ತಂದೆ ತಾಯಿ ಬೇರೆಯವರ ಹೊಲದಲ್ಲಿ ದುಡಿದವರು. ಆ ಮನೆಯಲ್ಲಿ ಪದವಿ ಓದಿದವಳು ಈಕೆಯೇ ಮೊದಲು. ಹತ್ತಿಕುಣಿ ಕಡೆಯ ನಮ್ಮ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು ಇಪ್ಪತ್ತಾರು ವರ್ಷ ಅಲ್ಲೇ ಇದ್ದಳು. ಆಕೆ ಬಂದ ಮೂರು ವರ್ಷಕ್ಕೆ ನಾನು ಕನ್ನಡ ಕಲಿಸಲು ಸೇರಿದೆ. ಇಬ್ಬರ ಮನೆಯೂ ಯಾದಗಿರಿಯಲ್ಲಿ, ಆಕೆಯದು ಸ್ಟೇಷನ್ ಹತ್ತಿರ. ಗಂಡ ಖಂಡಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ಮೊದಲ ವಾರವೇ ಬಸ್ಸಿನಲ್ಲಿ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ನೆನಪಿದೆ:

"ಮನ್ಯಾಗ ಉರ್ದು, ಸಾಲ್ಯಾಗ ಕನ್ನಡ. ನಿನ್ನ ಕೂಡ ಮಾತಾಡೂವಾಗ ನಾ ವ್ಯಾಕರಣ ನೋಡಿಕೊಂಡು ಮಾತಾಡಬೇಕೇನು?"

"ನೋಡಿಕೊಂಡ್ರ ಚಲೋ ಅಕ್ಕಾ," ಎಂದಿದ್ದೆ.

ಆ ಬಸ್ಸಿನಲ್ಲೇ ಆಕೆ ಕ್ವಾಂಟಮ್ ಓದಿದಳು. ಕಾಲೇಜಿನಲ್ಲಿ ಕಲಿತದ್ದು ಸಾಲಲಿಲ್ಲವಂತೆ. ಗಣಿತ ಕಡಿಮೆ ಬಿತ್ತೆಂದು ಪಿಯುಸಿಯ ಗಣಿತದಿಂದ ಮತ್ತೆ ಶುರು ಮಾಡಿದಳು. ಇಂಗ್ಲಿಷ್ ಪಠ್ಯವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ನಿಂತಾಗ ಮಾತ್ರ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಹನ್ನೊಂದು ವರ್ಷ ಹಿಡಿಯಿತು. ಯಾಕೆ ಓದುತ್ತೀ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ಸಾವಿರದ ಇಪ್ಪತ್ತೈದನ್ನು ವಿಶ್ವಸಂಸ್ಥೆ ಕ್ವಾಂಟಮ್ ವಿಜ್ಞಾನದ ವರ್ಷವೆಂದು ಸಾರಿದಾಗ ಸಂಗಮನಾಥ ಸರ್ ಆಕೆಗೆ ಪುಸ್ತಕ ಬರೆಯಲು ಹೇಳಿದರು. ಭಾಷೆ ತಿದ್ದುವುದು ನನ್ನ ಕೆಲಸವಾಯಿತು. ಮುಖಪುಟಕ್ಕೆ ಶಹಾಪುರದ ಮಲಗಿದ ಬುದ್ಧನ ಗುಡ್ಡ ಹಾಕಿಸಬೇಕೆಂದು ಸರ್ ಆಸೆಪಟ್ಟರು. ಒಂದು ಕಡೆಯಿಂದ ನೋಡಿದರೆ ಬುದ್ಧ, ಇನ್ನೊಂದು ಕಡೆಯಿಂದ ಬರೀ ಬಂಡೆ, ನಿಮ್ಮ ವಿಜ್ಞಾನ ಹೇಳುವುದೂ ಇದನ್ನೇ ಅಲ್ಲವೇ ಎಂದರು.

"ಬುದ್ಧ ನಮ್ಮ ಮನಿಯಾಗೂ ಇದ್ದಾನ್ರಿ ಸರ್," ಎಂದಳು ಮರಿಲಿಂಗಮ್ಮ. "ಆದರ ಗುಡ್ಡ ಯಾವ ಕಡಿಂದ ನೋಡಿದ್ರೂ ಅದೇ ಗುಡ್ಡ. ನಾವು ನಿಂತ ಜಾಗ ಅಷ್ಟೇ ಬ್ಯಾರೆ. ಎಲೆಕ್ಟ್ರಾನ್ ಹಂಗಲ್ರಿ."

ಮುಖಪುಟಕ್ಕೆ ಚಿತ್ರವೇ ಬೇಡವೆಂದಾಯಿತು.

ಕಂಪ್ಯೂಟರಿನ ಅಧ್ಯಾಯವನ್ನು ಆಕೆ ಮೂರು ಸಲ ಬರೆದಳು. ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಮ್ಮೆಗೇ ನೋಡಿ ಸರಿಯಾದದ್ದನ್ನು ಆರಿಸುತ್ತದೆ ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದು ತಪ್ಪು ಎನ್ನುತ್ತಿದ್ದಳು. ಅಲೆಗೆ ಅಲೆ ತಾಗಿ ತಪ್ಪು ಉತ್ತರಗಳು ಒಂದನ್ನೊಂದು ಅಳಿಸಿಕೊಳ್ಳಬೇಕು, ಸರಿ ಉತ್ತರ ಉಳಿಯಬೇಕು, ಹಾಗೆ ಲೆಕ್ಕವನ್ನು ಹೂಡುವುದೇ ಕಷ್ಟದ ಕೆಲಸ. ಇದನ್ನು ತೋರಿಸಲು ಒಂಬತ್ತನೆಯ ತರಗತಿಯನ್ನು ಹತ್ತಿಕುಣಿ ಜಲಾಶಯಕ್ಕೆ ಕರೆದೊಯ್ದಳು. ಗಾಳಿಗೆ ಏನೂ ಕಾಣಲಿಲ್ಲ. ಮರುದಿನ ಬಿಸಿಯೂಟದ ದೊಡ್ಡ ಪರಾತದಲ್ಲಿ ನೀರು ತುಂಬಿ, ಎರಡು ಬೆರಳಿನಿಂದ ಒಂದೇ ತಾಳದಲ್ಲಿ ತಟ್ಟಿ, ನಡುವೆ ನೀರು ಅಲುಗಾಡದೆ ನಿಂತ ಗೆರೆಗಳನ್ನು ತೋರಿಸಿದಳು. ಅಡುಗೆಯ ಮುದುಕಮ್ಮ ಬಂದು, "ಟೀಚರ್, ನಿಮ್ಮ ಸೈನ್ಸ್ ಮುಗೀತಂದ್ರ ನನ್ನ ಪರಾತ ಕೊಡ್ರಿ, ಅನ್ನ ಬಸೀಬೇಕು," ಎಂದಳು.

ಜಗಳವಾದದ್ದು ಅದರ ಹಿಂದಿನ ಅಧ್ಯಾಯಕ್ಕೆ. ಹನ್ನೊಂದನೆಯ ಪುಟ. ಆಕೆ ಬರೆದದ್ದು ಹೀಗೆ: "ಅಳೆಯುವ ತನಕ ಎಲೆಕ್ಟ್ರಾನಿನ ಜಾಗ ಗೊತ್ತಾಗಿರುವುದಿಲ್ಲ." ನಾನು ಆಡುಮಾತೆಂದು ತಿದ್ದಿ "ತಿಳಿದಿರುವುದಿಲ್ಲ" ಎಂದು ಮಾಡಿದೆ. ಅರ್ಥ ಒಂದೇ ಎಂದುಕೊಂಡಿದ್ದೆ. ಹದಿನೇಳು ಕಡೆ ತಿದ್ದಿದೆ. ಜತೆಗಿದ್ದ ಮದುವೆಯ ಉದಾಹರಣೆಯನ್ನೂ ಹೊಡೆದುಹಾಕಿದೆ.

ಆಗಸ್ಟಿನಲ್ಲಿ ಆಕೆ ನಾನು ತಿದ್ದಿದ ಪ್ರತಿಯನ್ನು ಹತ್ತನೆಯ ತರಗತಿಯಲ್ಲಿ ಓದಿ, ಏನು ತಿಳಿಯಿತು ಎಂದು ಕೇಳಿದಳು. ಜ್ಯೋತಿ ಎಂಬ ಜಾಣ ಹುಡುಗಿ ಎದ್ದು ಹೇಳಿದಳಂತೆ: "ಎಲೆಕ್ಟ್ರಾನ್ ಎಲ್ಲೋ ಒಂದ್ಕಡಿ ಇರ್ತದರಿ. ನಮಗ ತಿಳಿದಿಲ್ಲ, ಅಷ್ಟೇರಿ."

ಮರಿಲಿಂಗಮ್ಮ ಸ್ಟಾಫ್ ರೂಮಿಗೆ ಬಂದು ಹಾಳೆಗಳನ್ನು ನನ್ನ ಮುಂದೆ ಇಟ್ಟಳು.

"ನಿನ್ನ ಕನ್ನಡ ನನ್ನ ಎಲೆಕ್ಟ್ರಾನ್ ಕೆಡಿಸ್ತು."

"ನಾ ಏನು ಮಾಡಿದೆ?"

"ಗುಲ್ನಾಜಳ ಮದಿವಿ ಗೊತ್ತಾಗಿಲ್ಲ ಅಂತೀಯಲ್ಲ." ಗುಲ್ನಾಜ್ ನನ್ನ ತಂಗಿಯ ಮಗಳು. "ಅಂದ್ರ ಏನು? ಮದಿವಿ ಆಗಲೇ ಠರಾವಾಗಿ ಎಲ್ಲೋ ಕುಂತದ, ನಿನಗ ಸುದ್ದಿ ಬಂದಿಲ್ಲ ಅಂತೇನು?"

"ಅಲ್ಲ. ಮದಿವಿನೇ ಇನ್ನೂ ಕೂಡಿಬಂದಿಲ್ಲ."

"ಹಾಂ. ಜಾಗನೇ ಇನ್ನೂ ಕೂಡಿಬಂದಿಲ್ಲ. ಅಳೆದಾಗ ಗೊತ್ತಾಗ್ತದ. ಗೊತ್ತಾಗೂದು ಅಂದ್ರ ಠರಾವಾಗೂದೂ ಅದೇ, ತಿಳಿಯೂದೂ ಅದೇ, ಎರಡೂ ಒಮ್ಮಿಗೇ. ಇಂಥಾ ಪದ ಇಂಗ್ಲಿಷ್‌ನಾಗೂ ಇಲ್ಲ. ಅದನ್ನ ನೀ ಹೊಡೆದು ಹಾಕ್ದಿ."

ನಾನು ಸೋಲಲಿಲ್ಲ. ಗೊತ್ತಾಗಿಲ್ಲ ಎಂದರೂ ಓದುವವರು ತಿಳಿದಿಲ್ಲ ಎಂದೇ ಓದುತ್ತಾರೆ, ಎಲ್ಲರೂ ಜ್ಯೋತಿಯ ಹಾಗೆಯೇ ತಪ್ಪು ಕಲಿಯುತ್ತಾರೆ ಎಂದೆ. "ನಿರ್ಧಾರವಾಗಿರುವುದಿಲ್ಲ" ಎಂದು ಬರೆ ಎಂದೆ. ನಿರ್ಧಾರ ಎಂದರೆ ಪಂಚರು ಕಟ್ಟೆಯ ಮೇಲೆ ಕುಳಿತು ಮಾಡಿದ ಹಾಗೆ ಕೇಳಿಸುತ್ತದೆ ಎಂದಳು. ಮುಂದೆ ಬರುವ ಗುರುತ್ವದ ಅಧ್ಯಾಯ ಪೂರ್ತಿ ಈ ಪದದ ಮೇಲೆ ನಿಂತಿದೆ ಎಂದೂ ಹೇಳಿದಳು. ಹಾಳೆಯಲ್ಲಿ ನನ್ನ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ಎದ್ದುಹೋದಳು. ಮಾತು ಅಲ್ಲಿಗೇ ನಿಂತಿತು.

ಅಕ್ಟೋಬರಿನಲ್ಲಿ ಆಕೆಗೆ ಊಟ ಸೇರದಾಯಿತು. ಕಲಬುರಗಿಯಲ್ಲಿ ಹೊಟ್ಟೆಯೊಳಗಿನ ಗಡ್ಡೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಎಂಟು ದಿನ ಎಂದರು. ಮಧ್ಯಾಹ್ನದ ರೈಲಿಗೆ ಮೂವರೂ ಯಾದಗಿರಿಗೆ ಬಂದು ಇಳಿದೆವು. ಖಂಡಪ್ಪ ಆಟೋ ನೋಡಲು ಹೋದರು. ನಾವಿಬ್ಬರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತೆವು. ನನಗೆ ಏನಾದರೂ ಹೇಳಬೇಕಿತ್ತು.

"ರಿಪೋರ್ಟ್ ಬರೋ ತನಕ ಏನೂ ಗೊತ್ತಾಗಿಲ್ಲಲ್ಲ ಅಕ್ಕಾ. ನೀನೇ ಬರೆದೀಯಲ್ಲ, ಅಳೆಯೂ ತನಕ ಹಿಂಗೂ ಅಲ್ಲ, ಹಂಗೂ ಅಲ್ಲ."

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ಬಂದಾಗ ನೋಡುವ ಹಾಗೆ ನೋಡಿದಳು.

"ಇಲ್ಲ ಫರ್ಹತ. ಅದು ಬ್ಯಾರೆ, ಇದು ಬ್ಯಾರೆ. ಚೂರು ತೆಗೆದು ಸೀಸೆದಾಗ ಹಾಕ್ಯಾರ. ಅದರಾಗ ಏನದ ಅದು ಆಗಲೇ ಅದ. ಡಾಕ್ಟರು ನೋಡಿದ್ರೂ ಅದೇ, ನೋಡದಿದ್ರೂ ಅದೇ. ನಮಗ ತಿಳಿದಿಲ್ಲ, ಅಷ್ಟ. ಇಲ್ಲಿ ನಿನ್ನ ಪದ ಬರೋಬರಿ ಕೂಡ್ತದ ನೋಡು."

ಖಂಡಪ್ಪ ಬಂದು ಆಟೋ ಸಿಕ್ಕಿತು ಎಂದರು. ಎದ್ದೆವು.

ಎಂಟನೆಯ ದಿನ ವರದಿ ಬಂತು. ನಂತರದ ಎರಡು ತಿಂಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಹಾಸಿಗೆಯ ಮೇಲೆಯೇ ವಿಶ್ವದ ಅಧ್ಯಾಯ ಶುರು ಮಾಡಿದಳು. ಎರಡು ಪುಟವಾಯಿತು. ನಾನು ಹೋದಾಗ ಹೇಳುವಳು, ನಾನು ಬರೆದುಕೊಳ್ಳುವೆ. ಪದದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಡಿಸೆಂಬರಿನಲ್ಲಿ ಆಕೆಯ ಮಣ್ಣಿಗೆ ಹೋಗಿ ಬಂದೆ. ಮರುದಿನ ಶಾಲೆಗೂ ಹೋದೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬೇರೆ ಯಾರೋ ಕುಳಿತರು. ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಕರಡು ಬಂದ ಮೇಲೆ ನಾನು ಹೆದರಿದ್ದು ಇಷ್ಟಕ್ಕೆ. ಆಕೆಯ ಪದವಿಟ್ಟು ಮಕ್ಕಳು ತಪ್ಪು ತಿಳಿದರೆ, ಆ ತಪ್ಪು ಆಕೆಯ ಹೆಸರಿನಲ್ಲಿ ಉಳಿಯುತ್ತದೆ. ತಿದ್ದಲು ಆಕೆ ಇಲ್ಲ. ನನ್ನ ಪದವಿಟ್ಟರೆ ಅದು ಆಕೆಯ ಪುಸ್ತಕವೇ ಅಲ್ಲ. ಸಂಗಮನಾಥ ಸರ್ "ನಿರ್ಧಾರ" ಇಟ್ಟರೆ ಯಾರೂ ಬೆರಳು ತೋರಿಸುವುದಿಲ್ಲ ಎಂದಿದ್ದರು.

ಶುಕ್ರವಾರ ಒಂಬತ್ತನೆಯ ತರಗತಿಗೆ ವಿಜ್ಞಾನದ ಅವಧಿ ಖಾಲಿಯಿತ್ತು. ಹೊಸ ಟೀಚರು ಬಂದಿರಲಿಲ್ಲ. ನಾನು ಕರಡನ್ನು ತೆಗೆದುಕೊಂಡು ಹೋದೆ. ಆಕೆ ಮೊದಲು ಬರೆದ ಹಾಗೆಯೇ, ಮದುವೆಯ ಉದಾಹರಣೆಯನ್ನೂ ಸೇರಿಸಿ, ಹತ್ತರಿಂದ ಹದಿಮೂರನೆಯ ಪುಟದವರೆಗೆ ಓದಿದೆ. ವಿವರಿಸಲಿಲ್ಲ. ವಿವರಿಸಲು ನನಗೆ ಬರುವುದೂ ಇಲ್ಲ. ಕರಡನ್ನು ಕೆಳಗಿಟ್ಟು, ಏನು ತಿಳಿಯಿತು ಎಂದು ಕೇಳಿದೆ.

ಮಲ್ಲೇಶ್ವರಿ ಎಂಬ ಹುಡುಗಿ ಕೂತಲ್ಲಿಂದಲೇ ಕೇಳಿದಳು.

"ಟೀಚರ್, ಎಲ್ಲಾ ವಸ್ತುನೂ ಒಂದನ್ನೊಂದು ಎಳೀತಾವ ಅಂತ ಕಲತೇವಲ್ರಿ."

"ಹೌದು."

"ಮತ್ತ ಜಾಗನೇ ಗೊತ್ತಾಗಲಾರದ್ದು ಎಲ್ಲಿಂದ ಎಳೀತದರಿ?"

ಪಕ್ಕದವಳು ಅವಳ ಮೊಣಕೈ ತಿವಿದಳು. "ಮದಿವಿ ಗೊತ್ತಾಗಲಾರದಾಕಿ ಯಾರ ಮನ್ಯಾಗ ರೊಟ್ಟಿ ಬಡೀತಾಳ ಅಂತ ಕೇಳಾಕತ್ತಾಳ್ರಿ ಟೀಚರ್." ತರಗತಿ ನಕ್ಕಿತು.

ನಾನು ಇಪ್ಪತ್ತೆಂಟನೆಯ ಪುಟ ತೆಗೆದೆ. ಗುರುತ್ವದ ಅಧ್ಯಾಯದ ಮೊದಲ ಸಾಲು ಅದೇ ಪ್ರಶ್ನೆ. ದೊಡ್ಡ ವಿಜ್ಞಾನಿಗಳಿಗೂ ಇದಕ್ಕೆ ಉತ್ತರ ಸಿಕ್ಕಿಲ್ಲ, ಕ್ವಾಂಟಮ್‌ಗೂ ಗುರುತ್ವಕ್ಕೂ ಇನ್ನೂ ಸಂಬಂಧ ಕೂಡಿಲ್ಲ ಎಂದು ಅದರ ಕೆಳಗೆ ಬರೆದಿದ್ದಳು. ಜಾಗ ಎಲ್ಲೋ ಇದೆ, ನಮಗೆ ತಿಳಿದಿಲ್ಲ ಎಂದುಕೊಂಡವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಎಲ್ಲಿದೆಯೋ ಅಲ್ಲಿಂದ ಎಳೆಯುತ್ತದೆ, ಅಷ್ಟೇ. ಇದು ನನಗೆ ಆಗ ಹೊಳೆಯಿತು. ಆಗಸ್ಟಿನಲ್ಲಿ ಆಕೆ ಹೇಳುತ್ತಿದ್ದದ್ದು ಇದನ್ನೇ.

"ಮರಿಲಿಂಗಮ್ಮ ಟೀಚರೂ ಇದನ್ನೇ ಕೇಳ್ಯಾರ," ಎಂದೆ. ಮಲ್ಲೇಶ್ವರಿ ನಗಲಿಲ್ಲ. ಉತ್ತರ ಯಾರನ್ನು ಕೇಳಬೇಕು ಎಂದಳು. ನಾನು ಆ ಪುಟವನ್ನು ಗಂಟೆ ಹೊಡೆಯುವ ತನಕ ಓದಿದೆ.

ಶನಿವಾರ ಹದಿನೇಳು ಕಡೆ ಕೆಂಪು ಶಾಯಿಯಲ್ಲಿ ಆಕೆಯ ಪದವನ್ನು ಬರೆದೆ, ಮದುವೆಯ ಉದಾಹರಣೆಯನ್ನೂ ಮರಳಿ ಸೇರಿಸಿದೆ. ಸೋಮವಾರ ರಜೆ ಹಾಕಿ ಬಸ್ಸಿಗೆ ಶಹಾಪುರಕ್ಕೆ ಹೋದೆ. ಸಂಗಮನಾಥ ಸರ್ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ಮಗುಚಿದರು.

"ಇದು ಆಡುಮಾತಾತಲ್ರಿ ಟೀಚರ್. ನೀವೇ ಕನ್ನಡದವರು."

"ಹೌದ್ರಿ. ಇರಲಿ."

ಕೊನೆಯ ಹಾಳೆಗೆ ಬಂದು ನಿಂತರು. ವಿಶ್ವದ ಅಧ್ಯಾಯದಲ್ಲಿ ಆಕೆ ಹೇಳಿ ಬರೆಸಿದ ಕೊನೆಯ ಸಾಲುಗಳು ಅಲ್ಲಿದ್ದವು. ಮೊದಮೊದಲಿನ ವಿಶ್ವ ಕಣದಷ್ಟೇ ಸಣ್ಣದಾಗಿದ್ದಾಗ ಅದರಲ್ಲಿ ಗೊತ್ತಾಗಿರದ ಸಣ್ಣ ಏರಿಳಿತಗಳಿದ್ದವು, ಮುಂದೆ ಅವುಗಳ ಮೇಲೆಯೇ ಗೆಲಾಕ್ಸಿಗಳು ಕೂಡಿಕೊಂಡವು ಎಂಬುದು ಈಗಿನ ತಿಳಿವಳಿಕೆ. ಆಗ ಅಳೆಯುವವರು ಯಾರೂ ಇರಲಿಲ್ಲ. ಹಾಗಾದರೆ ಅವು ಗೊತ್ತಾದದ್ದು

"ಇದು ಅರ್ಧಕ್ಕೇ ನಿಂತದಲ್ರಿ," ಎಂದರು ಸರ್. "ಒಂದೆರಡು ಸಾಲು ನೀವು ಬರೆದು ಮುಗಿಸ್ತೀರೇನು?"

"ಇಲ್ರಿ. ಹಂಗೇ ಹಾಕ್ರಿ."

ಅವರು ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು. ಯಾದಗಿರಿ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ, ಚಹಾ ಕುಡಿದು ಹೋಗಿ ಎಂದರು. ಕುಡಿದೆ.