ಐದನೇ ಮಹಡಿಯ ಮನೆ

ಇಪ್ಪತ್ತಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡೇ ಬಂದವರು ಅವರು. ಊರಿನ ದೊಡ್ಡ ಕಟ್ಟಡಗಳ ನೆತ್ತಿಯೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ, ಒಳಗಿನ ಮನೆಗಳು ಮಾತ್ರ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವರು ಲಿಫ್ಟ್ ಮೇಸ್ತ್ರಿ. ಮಾತು ಕಮ್ಮಿ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣ ಬ್ಯಾಂಕಿನಲ್ಲಿತ್ತು.

ಆ ಹಣ ಅಲ್ಲೇ ಬಿದ್ದಿರುವುದು ಆಕೆಯ ತಮ್ಮನಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ಭಾನುವಾರ ಬಂದವನೇ ಚಪ್ಪಲಿ ಬಿಡುತ್ತಲೇ ಶುರು ಮಾಡಿದ.

"ಭಾವ, ಒಂದು ಮನೆ ಮಾರಾಟಕ್ಕಿದೆ. ಐದನೇ ಮಹಡಿ, ಎರಡೂ ಕಡೆ ಗಾಳಿ. ಕಮ್ಮಿ ಬಿದ್ದದ್ದಕ್ಕೆ ಸಾಲ ತೆಗೀರಿ, ಬಾಡಿಗೇಲಿ ಕಂತು ತಾನಾಗೇ ತೀರಿಹೋಗುತ್ತೆ. ನಾಡಿದ್ದು ಅಡ್ವಾನ್ಸ್ ಕೊಡದಿದ್ರೆ ಕೈಬಿಟ್ಟು ಹೋಯ್ತು ಅಂತಲೇ ತಿಳ್ಕೊಳ್ಳಿ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದರು. ಆಕೆಯ ಮುಖ ಅರಳಿದಂತಿತ್ತು. "ಆಯ್ತು, ನೋಡೋಣ" ಅಂದುಬಿಟ್ಟರು.

ಮರುದಿನ ಮಧ್ಯಾಹ್ನ ಆ ಕಟ್ಟಡಕ್ಕೆ ಒಬ್ಬರೇ ಹೋದರು. ಮನೆಯ ಬಾಗಿಲು ತಟ್ಟಲಿಲ್ಲ. ವಾಚ್‌ಮನ್ ಹತ್ತಿರ ಕೀಲಿ ಕೇಳಿಕೊಂಡು ನೇರ ತಾರಸಿ ಹತ್ತಿ, ಲಿಫ್ಟ್ ಮೋಟಾರಿನ ಕೋಣೆ ತೆಗೆದರು. ಹಗ್ಗದ ಉಕ್ಕಿನ ಎಳೆಗಳು ಅಲ್ಲಲ್ಲಿ ಕಿತ್ತು ಮುಳ್ಳಿನಂತೆ ಎದ್ದಿದ್ದವು. ಮೋಟಾರಿನ ಕೆಳಗೆ ಎಣ್ಣೆ ಮಡುಗಟ್ಟಿತ್ತು. ಎಷ್ಟು ಎಳೆದರೂ ಲಿಫ್ಟ್ ಇನ್ನೊಂದು ವರ್ಷ ಬಾಳೀತು, ಅದಕ್ಕಿಂತ ಹೆಚ್ಚಿಲ್ಲ. ಪಕ್ಕದ ನೀರಿನ ಟ್ಯಾಂಕಿನ ಬಿರುಕಿಗೆ ತೇಪೆಯ ಮೇಲೆ ತೇಪೆ ಹಾಕಿದ್ದರು.

ಕೆಳಗಿಳಿದು ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಗೆ ಹೋದರು. ನಿವೃತ್ತ ಟೀಚರಮ್ಮ, ಮಾತಿನಲ್ಲಿ ಸುತ್ತುಬಳಸು ಅರಿಯದವರು.

"ಮೂವತ್ತು ಮನೇಲಿ ಹನ್ನೊಂದು ಮನೆಯವರು ಮೇಂಟೆನೆನ್ಸ್ ಕಟ್ಟಿ ಎರಡು ವರ್ಷ ಆಯ್ತು. ಹೊಸ ಲಿಫ್ಟಿಗೆ ದುಡ್ಡೆಲ್ಲಿಂದ ತರಲಿ? ಮನೆಗಿಷ್ಟು ಅಂತ ಹಾಕಲೇಬೇಕು. ಐದನೇ ಮಹಡಿಯವರಿಗೆ ಮಾರೋ ಅವಸರ ಅದಕ್ಕೇ."

"ಇದನ್ನೆಲ್ಲ ನನಗೆ ಹೇಳಿದ್ರಲ್ಲ, ಅವರು ಬೇಜಾರು ಮಾಡ್ಕೊಳ್ಳಲ್ವಾ?"

"ಕೇಳಿದ್ದಕ್ಕೆ ಹೇಳಿದೆ. ಬಂದೋರೆಲ್ಲ ಬಾಲ್ಕನಿ ನೋಡಿ ಹೋಗ್ತಾರೆ, ಕೇಳಿದ್ದು ನೀವೊಬ್ರೇ."

ಮನೆಗೆ ಹಿಂತಿರುಗುವಾಗ ಮೇಸ್ತ್ರಿಗೆ ಒಂದೇ ಯೋಚನೆ. ಅಷ್ಟು ಆಸೆ ಇಟ್ಟುಕೊಂಡವಳಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು? ಒಳಗೆ ಹೋದರೆ ಹೆಂಡತಿ ಊಟದ ಮೇಜಿನ ಮೇಲೆ ಬ್ಯಾಂಕಿನ ಹಾಳೆಗಳನ್ನು ಹರವಿಕೊಂಡು ಕೂತಿದ್ದಳು. ನಿಂತಲ್ಲೇ ಎಲ್ಲ ಹೇಳಿ ಮುಗಿಸಿದರು.

ಆಕೆ ಪೆನ್ನು ಕೆಳಗಿಟ್ಟು ನಕ್ಕಳು. "ನಾನೂ ಬೆಳಿಗ್ಗೆಯಿಂದ ಇದನ್ನ ನಿಮಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ ಕಣ್ರೀ. ಬಾಡಿಗೆ ಬಂದ್ರೂ ಕಂತಿನ ಅರ್ಧ ತುಂಬಲ್ಲ. ಮಧ್ಯೆ ಎರಡು ತಿಂಗಳು ಮನೆ ಖಾಲಿ ಬಿತ್ತು ಅಂದ್ರೆ ಗತಿಯೇನು?"

"ಮತ್ತೆ ನಿನ್ನೆ ಮುಖ ಅರಳಿಸ್ಕೊಂಡು ಕೂತಿದ್ದೆಯಲ್ಲ?"

"ನಿಮಗೆ ಆಸೆ ಅಂದ್ಕೊಂಡೆ."

"ನನಗೆಲ್ಲಿಯ ಆಸೆ? ನಿನಗೆ ಬೇಕೇನೋ ಅಂತ ತಾನೇ ಆಯ್ತು ಅಂದಿದ್ದು."

ಮೇಸ್ತ್ರಿ ಕುರ್ಚಿ ಎಳೆದು ಕೂತರು. ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದರು.

ಬೇಡ ಅಂದದ್ದಕ್ಕೆ ಭಾವಮೈದುನ ಎರಡು ತಿಂಗಳು ಮುಖ ಊದಿಸಿಕೊಂಡಿದ್ದ. ಆ ಕಟ್ಟಡದ ಲಿಫ್ಟ್ ನಿಂತುಹೋಗಿ ಪ್ರತಿ ಮನೆಯ ತಲೆಗೂ ದೊಡ್ಡ ಮೊತ್ತ ಬಿತ್ತೆಂಬ ಸುದ್ದಿಯನ್ನು ಕೊನೆಗೆ ತಂದವನೂ ಅವನೇ. "ನೀವು ಬಚಾವಾದ್ರಿ ಭಾವ" ಅಂದ. ಮೇಸ್ತ್ರಿ ಅವನ ಮುಂದೆ ಟೀ ಇಟ್ಟರು.

ಮರುವರ್ಷ ಅವರು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಅಂಗಡಿ ಮಳಿಗೆ ಕೊಂಡರು. ಕನ್ನಡಕ ಮಾಡುವವನೊಬ್ಬ ಒಂಬತ್ತು ವರ್ಷದಿಂದ ಅಲ್ಲೇ ಬಾಡಿಗೆಗಿದ್ದ. ಕಾಗದಪತ್ರವನ್ನು ವಕೀಲರಿಗೆ ಎರಡು ಸಲ ತೋರಿಸಿದರು. ಸಾಲ ಹೆಂಡತಿಯ ಮೂರು ವರ್ಷದ ಸಂಬಳಕ್ಕೆ ತೀರುವಷ್ಟೇ. ಸಹಿ ಹಾಕಿ ಬಂದ ಮಧ್ಯಾಹ್ನ ಗಂಡಹೆಂಡಿರಿಬ್ಬರೂ ಊಟ ಮಾಡಿ, ಬಾಗಿಲು ಮುಂದಕ್ಕೆಳೆದುಕೊಂಡು, ಸಂಜೆಯವರೆಗೂ ಸೊಗಸಾಗಿ ನಿದ್ದೆ ತೆಗೆದರು.